ಗಗನಸಖಿಯರ ಸಂಘಕ್ಕೂ ವಿಮಾನದ ನಿಯಮಗಳಿಗೂ ಏನು ಸಂಬಂಧ?

ಪ್ರಶ್ನೆ: ಅಮೆರಿಕದ ಗಗನಸಖಿಯರ ಸಂಘ ಸಂಬಳಕ್ಕಷ್ಟೇ ಅಲ್ಲ, ಸುರಕ್ಷತಾ ನಿಯಮಗಳಿಗೂ ಹೋರಾಡುತ್ತದಂತೆ. ಅದು ಸರ್ಕಾರದ ಕೆಲಸ ಅಲ್ವಾ?

ಉತ್ತರ 1: ನಾನು ಅಲ್ಲಿ 11 ವರ್ಷ ಕ್ಯಾಬಿನ್‌ನಲ್ಲಿ ದುಡಿದವಳು. ನಿಯಮ ಬರೆಯುವುದು ಸರ್ಕಾರ, ನಿಜ. ಆದರೆ ಎಲ್ಲಿ ತಪ್ಪಾಗುತ್ತಿದೆ ಅಂತ ಮೊದಲು ಕಾಣುವುದು ನಮಗೆ. ಆಗ ನಮ್ಮ ವಿಶ್ರಾಂತಿಯನ್ನು 8 ಗಂಟೆಗೆ ಇಳಿಸಬಹುದಿತ್ತು. ಹೋಟೆಲ್‌ಗೆ ಹೋಗುವುದು, ಸ್ನಾನ, ಊಟ, ಮತ್ತೆ ಹೊರಡುವುದು ಎಲ್ಲ ಅದರಲ್ಲೇ. ನಿದ್ದೆ ಎಷ್ಟು ಸಿಗುತ್ತದೆ ನೀವೇ ಲೆಕ್ಕ ಹಾಕಿ. ಒಂದು ಬೆಳಿಗ್ಗೆ ಬಾಗಿಲು ಆರ್ಮ್ ಮಾಡಿದ್ದೇನೋ (ಅಂದರೆ ತುರ್ತಿನಲ್ಲಿ ಬಾಗಿಲು ತೆರೆದೊಡನೆ ಇಳಿಯುವ ಜಾರುಬಂಡೆ ಬಿಚ್ಚಿಕೊಳ್ಳುವಂತೆ ಸಿದ್ಧ ಮಾಡಿದ್ದೇನೋ) ಇಲ್ಲವೋ ನೆನಪಾಗದೆ ಮೂರು ಸಲ ಎದ್ದು ನೋಡಿದ್ದೇನೆ. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರನ್ನೂ ಇಳಿಸಬಹುದು ಎಂದು ತೋರಿಸಿದ ಮೇಲೇ ದೊಡ್ಡ ವಿಮಾನಕ್ಕೆ ಅನುಮತಿ ಸಿಗುತ್ತದೆ. ನಿದ್ದೆಗೆಟ್ಟವರಿಂದ ಅದು ಆಗುತ್ತದಾ? 2018ರಲ್ಲಿ ಸಂಸತ್ತು 10 ಗಂಟೆ ಎಂದು ಕಾನೂನು ಮಾಡಿತು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮ ತಂದದ್ದು 2022ರಲ್ಲಿ! ಸಂಘ ಬೆನ್ನು ಬಿಡಲಿಲ್ಲ.

ಉತ್ತರ 2: ವಿಮಾನದಲ್ಲಿ ಸಿಗರೇಟು ನಿಂತದ್ದರಲ್ಲೂ ಅವರ ಪಾಲಿದೆ.

ಪ್ರಶ್ನೆ ಕೇಳಿದವರು: ನನ್ನ ಮಗಳಿಗೆ 14 ತಿಂಗಳು. ತೊಡೆ ಮೇಲೆ ಕೂರಿಸಿಕೊಳ್ಳಬಹುದಾ?

ಉತ್ತರ 1: 2 ವರ್ಷ ತುಂಬುವವರೆಗೆ ಅಲ್ಲಿನ ನಿಯಮ ಬಿಡುತ್ತದೆ. ಸಂಘ ಬೇಡ ಎನ್ನುತ್ತದೆ, ನಾನೂ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೊಡೆ ಮೇಲಿನ ಮಕ್ಕಳನ್ನು ನೆಲದಲ್ಲಿ ಮಲಗಿಸಲು ಹೇಳಬೇಕಾಯಿತು. ಅವರಲ್ಲಿ ಒಂದು ಮಗು ತೀರಿಕೊಂಡಿತು. ಜೋರು ಅಲುಗಾಟದಲ್ಲಿ ಯಾರ ಕೈಯೂ ಮಗುವನ್ನು ಹಿಡಿದಿಡಲಾರದು. ಮಗಳಿಗೂ ಬೇರೆ ಸೀಟು ತಗೊಂಡು, ಮಕ್ಕಳ ಕಾರ್ ಸೀಟನ್ನು (ಕಾರಿನಲ್ಲಿ ಮಗುವನ್ನು ಬೆಲ್ಟ್ ಹಾಕಿ ಕೂರಿಸುವ ಪುಟ್ಟ ಸೀಟು) ಅದರ ಮೇಲಿಟ್ಟು ಕೂರಿಸಿ. ಆ ಕಾರ್ ಸೀಟಿನ ಮೇಲೆ ವಿಮಾನಕ್ಕೂ ಆಗುತ್ತದೆ ಎಂದು ಕೆಂಪಕ್ಷರದಲ್ಲಿ ಬರೆದಿದೆಯಾ ನೋಡಿ.