ಹೋಮ್‌ಸ್ಟೇ ಬೋರ್ಡ್‌ನಲ್ಲಿ ಏನು ಬರೆಯಬಹುದು? ಅಮ್ಮನ ಮಡಿ ಮತ್ತು ಅತಿಥಿಯ ಹೆಸರು

ಕೊಪ್ಪದ ತೋಟದವ:

ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು ಕೊಪ್ಪ ತಾಲ್ಲೂಕು. ನಾಲ್ಕು ಎಕರೆ ಅಡಿಕೆ, ನಡುನಡುವೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಮೊದಲೆಲ್ಲ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದರೆ ಆ ವರ್ಷದ ಚಿಂತೆ ಮುಗಿಯುತ್ತಿತ್ತು. ಎಲೆಚುಕ್ಕಿ ರೋಗ ಬಂದ ಮೇಲೆ ಮರ ಇದೆ, ಅಡಿಕೆ ಗೊನೆ ಇಲ್ಲ. ಹಾಗಾಗಿ ಮೂರು ವರ್ಷದ ಹಿಂದೆ ಹೋಮ್‌ಸ್ಟೇ ಶುರು ಮಾಡಿದೆವು. ಹಳೇ ಮನೆಯ ಉಪ್ಪರಿಗೆಯಲ್ಲಿ ಎರಡು ಕೋಣೆ, ಅಂಗಳದ ಆಚೆ ಹೊಸದಾಗಿ ಕಟ್ಟಿಸಿದ್ದು ಎರಡು. ಠಾಣೆಯ ಎನ್ಒಸಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಎಲ್ಲ ಸರಿಯಾಗಿದೆ. ಶೃಂಗೇರಿಗೆ ಹೋಗುವವರು, ಆಗುಂಬೆ ನೋಡಲು ಬಂದವರು ಉಳಿಯುತ್ತಾರೆ. ಊಟ ನಮ್ಮ ಮನೆಯದೇ. ಕಡುಬು, ತಂಬುಳಿ, ಕಾಲ ಬಂದಾಗ ಪತ್ರೊಡೆ, ಕಳಲೆ ಪಲ್ಯ.

ಅಮ್ಮನಿಗೆ 74. ಮಡಿ ಜಾಸ್ತಿ. ಬೆಳಿಗ್ಗೆ ಐದಕ್ಕೆ ಸ್ನಾನ. ಮಡಿ ಸೀರೆ ನಡುಮನೆಯ ಬಿದಿರಿನ ಗಳದ ಮೇಲೆ, ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿ ಒಣಗುತ್ತದೆ. ಅದನ್ನು ಕೋಲಿನಲ್ಲೇ ಹಾಕಿ ಕೋಲಿನಲ್ಲೇ ತೆಗೆಯುವುದು. ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲು ಕೂಡ ಅದೇ ನಡುಮನೆಯಲ್ಲಿ. ಎಲ್ಲ ತಾಪತ್ರಯ ಶುರುವಾಗುವುದು ಅಲ್ಲೇ.

ನವೆಂಬರ್‌ನಲ್ಲಿ ಹಾಸನದಿಂದ ಫೋನ್ ಬಂತು. ನಾಲ್ಕು ಜನ ಮೇಷ್ಟ್ರುಗಳು, ಎರಡು ದಿನ, ಉಪ್ಪರಿಗೆಯ ಎರಡೂ ಕೋಣೆ. ಅಡ್ವಾನ್ಸ್ ಫೋನ್‌ಪೇ ಮಾಡಿದರು. ಆಮೇಲೆ ಆಧಾರ್ ಫೋಟೊ ಕಳಿಸಿದರು. ನಾಲ್ಕರಲ್ಲಿ ಎರಡು ಮುಸ್ಲಿಂ ಹೆಸರು. ಅಮ್ಮ ಬತ್ತಿ ಹೊಸೆಯುತ್ತಾ ಕೂತಿದ್ದವರು "ಯಾರಂತೆ ಬರೋದು?" ಅಂದರು. ಹೆಸರು ಓದಿದೆ. ಕೈ ನಿಂತಿತು. "ನಡುಮನೆ ದಾಟಿಯೇ ಹೋಗಬೇಕಲ್ಲ ಮಾರಾಯ" ಅಂದರು. ಅಷ್ಟೇ ಅಂದಿದ್ದು. ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ.

ನಾನು ಅವರಿಗೆ "ಪೈಪ್ ಒಡೆದಿದೆ, ಮೇಲೆ ನೀರಿಲ್ಲ, ಕ್ಷಮಿಸಿ" ಅಂತ ಮೆಸೇಜ್ ಹಾಕಿ ದುಡ್ಡು ವಾಪಸ್ ಕಳಿಸಿದೆ. ಸಂಜೆ ಉತ್ತರ ಬಂತು. "ಪರವಾಗಿಲ್ಲ ಸಾರ್. ಆ್ಯಪ್‌ನಲ್ಲಿ ಅದೇ ದಿನಕ್ಕೆ ಎರಡೂ ರೂಮ್ ಖಾಲಿ ತೋರಿಸ್ತಿದೆ. ಪೈಪ್ ಸರಿಯಾಯ್ತಾ?"

ಆ್ಯಪ್‌ನಲ್ಲಿ ಬ್ಲಾಕ್ ಮಾಡುವುದನ್ನೇ ಮರೆತಿದ್ದೆ. ಹನ್ನೊಂದು ದಿನ ಆಯ್ತು, ಉತ್ತರ ಕೊಟ್ಟಿಲ್ಲ. ಆ ಪ್ರಶ್ನೆಯಲ್ಲಿ ಒಂದು ಬೈಗುಳ ಇದ್ದಿದ್ದರೂ ಸುಲಭ ಇತ್ತು.

ಭಾವ ಹೇಳುತ್ತಾರೆ, ನಿನ್ನ ಮನೆ ನಿನ್ನ ಇಷ್ಟ, ಧರ್ಮ ಪಾಲಿಸುವ ಸ್ವಾತಂತ್ರ್ಯ ಸಂವಿಧಾನದಲ್ಲೇ ಇದೆ ಅಂತ. ಹಾಸನದಲ್ಲಿ ಓದುವ ಮಗಳು, ಅವರು ನಿಮ್ಮ ಮೇಲೆ ಕೇಸ್ ಹಾಕಬೇಕಿತ್ತು ಅಪ್ಪ ಅಂತಾಳೆ. ನನ್ನ ಪ್ರಶ್ನೆ ಇಷ್ಟೇ. ಕಾನೂನಿನಲ್ಲಿ ನಾನು ಮಾಡಿದ್ದು ಏನು? ಅಮ್ಮನ ಮಡಿಯೂ ಉಳಿದು, ಇನ್ನೊಬ್ಬರಿಗೆ ಹೀಗೆ ಸುಳ್ಳು ಹೇಳದೆಯೂ ನಡೆಸುವ ದಾರಿ ಇದೆಯಾ? ಗೇಟಿನ ಬೋರ್ಡ್‌ನಲ್ಲಿ ಏನು ಬರೆಯಬಹುದು, ಏನು ಬರೆಯಬಾರದು?

ಕೋರ್ಟ್ ರಸ್ತೆ:

ಚಿಕ್ಕಮಗಳೂರಿನಲ್ಲಿ ವಕೀಲಿ ಮಾಡುತ್ತೇನೆ. ಮಗಳೂ ಪೂರ್ತಿ ಸರಿ ಇಲ್ಲ, ಭಾವ ಅಂತೂ ಸರಿ ಇಲ್ಲ.

ಭಾವ ಹೇಳುವ 25ನೇ ವಿಧಿ ಶುರುವಾಗುವುದೇ ಒಂದು ಷರತ್ತಿನಿಂದ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ, ಜೊತೆಗೆ ಮೂಲಭೂತ ಹಕ್ಕುಗಳ ಭಾಗದಲ್ಲಿರುವ ಉಳಿದ ವಿಧಿಗಳು, ಇವಕ್ಕೆ ಒಳಪಟ್ಟು ಧರ್ಮ ಸ್ವಾತಂತ್ರ್ಯ. ಆ ಉಳಿದ ವಿಧಿಗಳಲ್ಲಿ 15(2) ಇದೆ. ಅಂಗಡಿ, ಹೋಟೆಲ್, ಸಾರ್ವಜನಿಕರು ಬಳಸುವ ಬಾವಿ, ಕೆರೆ, ರಸ್ತೆ ಇಂಥ ಕಡೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ತಡೆಯುವ ಹಾಗಿಲ್ಲ. ಇದು ಸರ್ಕಾರಕ್ಕಷ್ಟೇ ಅಲ್ಲ, ನಮಗೂ ನಿಮಗೂ ಅನ್ವಯ. "ಅಂಗಡಿ" ಅನ್ನುವ ಪದವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಬಹಳ ಅಗಲವಾಗಿ ಓದಿದೆ. ದುಡ್ಡಿಗೆ ಸೇವೆ ಕೊಡುವವರೆಲ್ಲ ಅದರೊಳಗೆ ಬರುತ್ತಾರೆ ಅನ್ನುವ ರೀತಿಯಲ್ಲಿ. ಇಲಾಖೆಯಲ್ಲಿ ನೋಂದಾಯಿಸಿ ಆ್ಯಪ್‌ನಲ್ಲಿ ಹಾಕಿದ ಕೋಣೆಯನ್ನು "ನನ್ನ ಮನೆ" ಅಂತ ಕೋರ್ಟ್‌ನಲ್ಲಿ ವಾದಿಸಲು ನಾನಂತೂ ಒಪ್ಪುವುದಿಲ್ಲ.

ಆದರೆ ಮಗಳು ಹೇಳಿದ ಕೇಸ್? ಧರ್ಮದ ಕಾರಣಕ್ಕೆ ರೂಮ್ ಕೊಡದಿದ್ದರೆ ಇಂತಿಷ್ಟು ಶಿಕ್ಷೆ ಅಂತ ಹೇಳುವ ಪ್ರತ್ಯೇಕ ಕೇಂದ್ರ ಕಾಯ್ದೆ ನಮ್ಮಲ್ಲಿ ಇಲ್ಲ. ತತ್ವ ಸಂವಿಧಾನದಲ್ಲಿದೆ, ಹಿಡಿದುಕೊಳ್ಳಲು ಹಿಡಿಕೆ ಇಲ್ಲ. ಅದೇ ನೀವು ಪರಿಶಿಷ್ಟ ಜಾತಿಯವರಿಗೆ ಹೀಗೆ ಮಾಡಿದ್ದರೆ ಕಥೆಯೇ ಬೇರೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ "ಹೋಟೆಲ್" ಅಂದರೆ ವಸತಿಗೃಹವೂ ಸೇರಿದೆ. ಒಂದರಿಂದ ಆರು ತಿಂಗಳು ಜೈಲು, ದಂಡ. ಅಸ್ಪೃಶ್ಯತೆಯ ಕಾರಣಕ್ಕೆ ಮಾಡಿದ್ದಲ್ಲ ಅಂತ ತೋರಿಸುವ ಹೊಣೆಯೂ ನಿಮ್ಮದೇ, ಕೋರ್ಟ್ ಮೊದಲು ನಿಮ್ಮ ವಿರುದ್ಧವೇ ಊಹಿಸಿಕೊಳ್ಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇದೆ, ಅದರಲ್ಲೂ ವಸತಿ ನಿರಾಕರಿಸುವಂತಿಲ್ಲ.

ಈಗ ನಿಮ್ಮ ಅಮ್ಮನ ವಿಷಯ. ನಮ್ಮ ಪಕ್ಕದ ಜಿಲ್ಲೆಯ ಮೂಲ್ಕಿ ವೆಂಕಟರಮಣ ದೇವಸ್ಥಾನದ ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 1957ರಲ್ಲಿ ತೀರ್ಪು ಬಂತು. ಗೌಡ ಸಾರಸ್ವತ ಬ್ರಾಹ್ಮಣರು, ಇದು ನಮ್ಮ ಸಮುದಾಯದ ಗುಡಿ, ಒಳಗೆ ಯಾರು ಬರಬೇಕು ಅನ್ನುವುದು ನಮ್ಮ ಧರ್ಮದ ವಿಷಯ ಅಂದರು. ಗುಡಿ ಸಮುದಾಯದ್ದೇ ಅಂತ ಕೋರ್ಟ್ ಒಪ್ಪಿತು. ಆದರೂ ಸಾರ್ವಜನಿಕ ಗುಡಿಯ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು ಅಂತ ಹೇಳಿತು. ಜೊತೆಗೆ ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಸಮುದಾಯದವರಷ್ಟೇ ಇರಬಹುದು ಅಂತಲೂ ಬಿಟ್ಟಿತು. ಷರತ್ತು ಏನೆಂದರೆ, ಅದೆಲ್ಲ ಕಳೆದ ಮೇಲೂ ಜನರಿಗೆ ಉಳಿಯುವ ಹಕ್ಕು ಹೆಸರಿಗೆ ಮಾತ್ರ ಆಗಬಾರದು. ಗುಡಿಯ ಕಾನೂನು ಹೋಮ್‌ಸ್ಟೇಗೆ ನೇರ ಬರುವುದಿಲ್ಲ. ಆದರೆ ಲೆಕ್ಕಾಚಾರ ಅದೇ. ದೇವರಮನೆ, ಅಡುಗೆಮನೆ, ಪೂಜೆ ಮುಗಿಯುವ ತನಕ ನಡುಮನೆ, ಇಷ್ಟನ್ನು ಬಂದವರಿಗೆಲ್ಲ ಒಂದೇ ಸಮ ಮುಚ್ಚಿ. ಯಾರೂ ಕೇಳುವುದಿಲ್ಲ. ಕೋಣೆಯನ್ನು ಹೆಸರು ನೋಡಿ ಮುಚ್ಚಬೇಡಿ.

ಹಾಸನದ ಬಾಡಿಗೆದಾರ:

ವಕೀಲರ "ಎಲ್ಲರಿಗೂ ಒಂದೇ ಸಮ" ಕೇಳಲು ಚೆಂದ. ನಾನು ಅದನ್ನು ಇನ್ನೊಂದು ಕಡೆಯಿಂದ ನೋಡಿದವನು.

ಸಾಲಗಾಮೆ ರಸ್ತೆ ಕಡೆ ಮನೆ ಹುಡುಕುವಾಗ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ನಾನ್‌ವೆಜ್ ತಿಂತೀರಾ?" ಎಲ್ಲರಿಗೂ ಕೇಳುವ ಪ್ರಶ್ನೆ, ಅಲ್ವಾ? ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮನೆಯಲ್ಲಿ ಬೇಯಿಸುವುದಿಲ್ಲ ಅಂದೆ. ಆಗ ಎರಡನೇ ಪ್ರಶ್ನೆ. "ಯಾವ ಊರು?" ಊರು ಹೇಳಿದೆ. "ಊರಲ್ಲಿ ಮನೆ ಯಾವ ಕಡೆ?" ಈ ಮೂರನೇ ಪ್ರಶ್ನೆ ಬಂತು ಅಂದರೆ ಮುಗಿಯಿತು. ಕೇರಿಯ ದಿಕ್ಕು ಗೊತ್ತಾದರೆ ಸಾಕು, "ನಮ್ಮ ತಮ್ಮನೇ ಬರ್ತಾನಂತೆ ಸಾರ್." ಏಳು ಮನೆ ನೋಡಿದೆ, ನಾಲ್ಕು ಕಡೆ ಈ ತಮ್ಮ ಬಂದ. ಪೈಪ್ ಯಾರ ಮನೆಯಲ್ಲೂ ಒಡೆದಿರಲಿಲ್ಲ, ಅದಕ್ಕೆ ನಿಮಗೆ ಹೊಸತನದ ಮಾರ್ಕ್ಸ್ ಕೊಡುತ್ತೇನೆ.

ಒಂದು ಇಂಗ್ಲೆಂಡ್ ಕೇಸ್ ಓದಿದ್ದೆ. ಕಾರ್ನ್‌ವಾಲ್‌ನ ಮಾರಾಜಿಯನ್ ಅನ್ನುವ ಊರಿನಲ್ಲಿ ಗಂಡ ಹೆಂಡತಿ ಸೇರಿ ನಿಮ್ಮ ಥರವೇ ತಾವು ಇರುವ ಮನೆಯಲ್ಲೇ ಸಣ್ಣ ಹೋಟೆಲ್ ಇಟ್ಟಿದ್ದರು. ಕಟ್ಟಾ ಕ್ರೈಸ್ತರು. ಮದುವೆಯಾದವರಿಗೆ ಮಾತ್ರ ಡಬಲ್ ಬೆಡ್ ಅಂತ ನಿಯಮ. 2008ರಲ್ಲಿ ಇಬ್ಬರು ಗಂಡಸರ ಜೋಡಿಗೆ ಇಲ್ಲ ಅಂದರು. ನಮ್ಮ ನಿಯಮ ಎಲ್ಲರಿಗೂ ಒಂದೇ, ಮದುವೆಯಾಗದ ಗಂಡು ಹೆಣ್ಣಿಗೂ ಕೊಡಲ್ಲ ಅನ್ನುವುದು ಅವರ ವಾದ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೇರ ತಾರತಮ್ಯವೋ ಸುತ್ತುಬಳಸಿನದೋ ಅನ್ನುವುದರಲ್ಲಿ ನ್ಯಾಯಮೂರ್ತಿಗಳು 3-2 ಆದರು, ಆದರೆ ಮಾಲೀಕರು ಸೋತದ್ದರಲ್ಲಿ ಐವರೂ ಒಂದೇ. ಆ ಜೋಡಿಗೆ ಆಗ ಮದುವೆಯಾಗಲು ಅಲ್ಲಿ ಕಾನೂನೇ ಇರಲಿಲ್ಲ. ಪಾಲಿಸಲು ಆಗದ ನಿಯಮ ಇಟ್ಟು ಎಲ್ಲರಿಗೂ ಒಂದೇ ಅಂದರೆ ಹೇಗೆ? ತಲಾ 1,800 ಪೌಂಡ್ ಪರಿಹಾರ ಕೊಡಬೇಕಾಯಿತು.

ಹಾಗಾಗಿ ನಿಯಮ ಬರೆಯುವ ಮುಂಚೆ ಅದು ಯಾರ ತಲೆ ಮೇಲೆ ಬೀಳುತ್ತದೆ ಅಂತ ನೋಡಿ. "ಇಲ್ಲಿ ಸಸ್ಯಾಹಾರ ಮಾತ್ರ ಬಡಿಸುತ್ತೇವೆ" ಸರಿ. "ಸಸ್ಯಾಹಾರಿಗಳಿಗೆ ಮಾತ್ರ ರೂಮ್" ತಪ್ಪು. ಮೊದಲನೆಯದು ನಿಮ್ಮ ಒಲೆಯ ವಿಷಯ. ಎರಡನೆಯದು ನನ್ನ ಹೊಟ್ಟೆಯ ವಿಷಯ.

ಮೂಡಿಗೆರೆ ಮಳೆ:

ಅಣ್ಣ, ನಾನೂ ಹೋಮ್‌ಸ್ಟೇಯವನೇ. ಮೂಡಿಗೆರೆ ಹತ್ತಿರ, ಮೂರು ಕೋಣೆ. ನಾವು ಮುಸ್ಲಿಮರು. ನಮ್ಮಲ್ಲಿ ಹೆಂಡ ನಡೆಯಲ್ಲ. ಬೆಂಗಳೂರಿನಿಂದ ವೀಕೆಂಡ್‌ಗೆ ಬರುವವರು ಫೋನ್‌ನಲ್ಲಿ ಮೊದಲು ಕೇಳುವುದೇ ಅದನ್ನ. ಇಲ್ಲ ಅಂದ ತಕ್ಷಣ ಅರ್ಧ ಜನ ಫೋನ್ ಇಡುತ್ತಾರೆ. ಹೋಗಲಿ. ನಷ್ಟ ನನ್ನದು, ನಿಯಮ ನನ್ನದು. ಆದರೆ ಫೋನ್ ಮಾಡಿದವರ ಹೆಸರು ನೋಡಿ "ಇವರು ಕುಡಿಯುವ ಜನ ಇರಬೇಕು" ಅಂತ ನಾನೇ ತೀರ್ಮಾನ ಮಾಡಿ ಬಿಟ್ಟರೆ?

ಒಂದು ಸಲ ವಯಸ್ಸಾದ ದಂಪತಿ ಬಂದರು. ಹೊರನಾಡಿಗೆ ಹೋಗುವವರು, ಗಾಡಿ ಕೆಟ್ಟು ರಾತ್ರಿ ನಮ್ಮಲ್ಲಿ ಇಳಿದರು. ಅಜ್ಜಿ ನಮ್ಮ ಅಡುಗೆ ತಿನ್ನುವುದಿಲ್ಲ ಅಂತ ಬಹಳ ಸಂಕೋಚದಿಂದ ಹೇಳಿದರು. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಒಲೆ ಮಾಡಿಕೊಟ್ಟೆ. ಅವರದೇ ಪಾತ್ರೆ, ಅವರದೇ ಅಕ್ಕಿ. ನನಗೆ ಬೇಜಾರಾಯ್ತಾ ಅಂದರೆ, ಒಂಚೂರು ಆಯ್ತು, ಸುಳ್ಳು ಹೇಳಲ್ಲ. ಆದರೆ ಅಜ್ಜಿ ಗಂಜಿ ಮಾಡಿಕೊಂಡಿದ್ದು ತನ್ನ ಹೊಟ್ಟೆಗೆ. ನನ್ನನ್ನು ನನ್ನ ಮನೆಯಿಂದ ಹೊರಗೆ ಹಾಕಿ ಅಲ್ಲವಲ್ಲ.

ಅಮ್ಮನಿಗೆ ಮಡಿ ಇರಲಿ ಅಣ್ಣ. ಆ ಮೇಷ್ಟ್ರಿಗೆ ಒಂದು ಫೋನ್ ಮಾಡಿ.

ಕೋರ್ಟ್ ರಸ್ತೆ:

ಬಾಡಿಗೆದಾರರ ಮಾತಿಗೆ ಒಂದು ಸೇರಿಸುತ್ತೇನೆ. ಅಮೆರಿಕದ 1964ರ ಕಾಯ್ದೆಯಲ್ಲಿ, ಮಾಲೀಕರೇ ವಾಸ ಇದ್ದು ಬಾಡಿಗೆಗೆ ಐದಕ್ಕಿಂತ ಹೆಚ್ಚು ಕೋಣೆ ಇಲ್ಲದ ವಸತಿಗೆ ವಿನಾಯಿತಿ ಇದೆ. ಅಂದರೆ ಈ ತೋಟದವರು ಅಲ್ಲಿ ಪಾರು, ಇಂಗ್ಲೆಂಡ್‌ನಲ್ಲಿ ಸಿಕ್ಕಿಬೀಳುತ್ತಿದ್ದರು. ಮನೆ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರು ಅನ್ನುವ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದಿದೆ. ನಮ್ಮ 15(2)ರಲ್ಲಿ ಕೋಣೆಯ ಲೆಕ್ಕ ಬರೆದಿಲ್ಲ.

ಕೊಪ್ಪದ ತೋಟದವ:

ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ಈ ಕಡೆ ಬರಲಿಲ್ಲ, ಅಡಿಕೆ ಬೇಯಿಸುವ ಕೆಲಸ ಇತ್ತು.

ಒಂದು ವಿಷಯ ಮೊದಲೇ ಹೇಳಬೇಕಿತ್ತು. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮವರದೇ ಮಗು ಉಪ್ಪರಿಗೆಯಿಂದ ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಕೈಚಾಚಿ ಆ ಮಡಿ ಸೀರೆಯ ಸೆರಗು ಎಳೆಯಿತು. ಅಮ್ಮ ಒಂದು ಮಾತಾಡಲಿಲ್ಲ. ಮಗುವಿಗೆ ಬಾಳೆಹಣ್ಣು ಕೊಟ್ಟು, ಸೀರೆ ತೆಗೆದುಕೊಂಡು ಮತ್ತೆ ಬಾವಿಕಟ್ಟೆಗೆ ಹೋದರು. ಮಡಿಯಲ್ಲಿದ್ದಾಗ ನಾನು ಮುಟ್ಟಿದರೂ ಅಷ್ಟೇ. ಹೆತ್ತ ಮಗನೂ ಮೈಲಿಗೆಯೇ. ಹಾಗಿದ್ದ ಮೇಲೆ ನಾನು ಆ ಇಬ್ಬರು ಮೇಷ್ಟ್ರಿಗೆ ಮಾತ್ರ ಪೈಪ್ ಒಡೆದದ್ದು ಯಾಕೆ? ಮಡಿಗಲ್ಲ. ಕೆಳಗಿನ ಮನೆಯವರು ಏನಂದಾರು, ಸಂಘದ ಮೀಟಿಂಗ್‌ನಲ್ಲಿ ಯಾರು ನಗುತ್ತಾರೆ, ಅದಕ್ಕೆ. ಅಮ್ಮನ ಸೆರಗಿನ ಹಿಂದೆ ನಾನು ಅಡಗಿದ್ದು. ಬಾಡಿಗೆದಾರರು ಹೇಳಿದ "ತಮ್ಮ" ಓದಿದಾಗ ಇದು ಹೊಳೆಯಿತು.

ಅಮ್ಮನ ಹತ್ತಿರ ನೇರ ಕೇಳಿದೆ. "ಬೇಡ ಅಂದ್ನಾ ನಾನು? ನಡುಮನೆ ದಾಟಬೇಕು ಅಂದೆ" ಅಂತ ನನ್ನನ್ನೇ ಬೈದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಬಂದಿದ್ರೆ ನಂಗೆ ಕಷ್ಟ ಆಗ್ತಿತ್ತು ಅನ್ನೋದೂ ಹೌದು" ಅಂದರು. ಅವರನ್ನು ಪೂರ್ತಿ ಬದಲಾಯಿಸಿದೆ ಅಂತ ನಾನು ಇಲ್ಲಿ ಬರೆದರೆ ಅದು ಎರಡನೇ ಪೈಪ್.

ಪರಿಹಾರ ಕೊನೆಗೆ ಸಿಕ್ಕಿದ್ದು ವೆಲ್ಡಿಂಗ್‌ನವನ ಹತ್ತಿರ. ಉಪ್ಪರಿಗೆಗೆ ಹೊರಗಿನಿಂದಲೇ ಕಬ್ಬಿಣದ ಮೆಟ್ಟಿಲು. ಜಗಲಿಯ ಪಕ್ಕದಿಂದ ಹತ್ತಿ ಚಾವಡಿಯ ಮಾಡಿನ ಮೇಲೆ ಹಾದು ಹಿಂದಿನ ಕಿಟಕಿ ಒಡೆದು ಬಾಗಿಲು. 65 ಸಾವಿರ ಅಂದಿದ್ದಾನೆ, ಚೌಕಾಸಿ ನಡೀತಿದೆ. ಇನ್ನು ಯಾರೇ ಬಂದರೂ, ನಮ್ಮ ಮಠದ ಭಕ್ತರೇ ಬಂದರೂ, ಆ ಕಡೆಯಿಂದಲೇ. ಊಟ ಜಗಲಿಯಲ್ಲಿ. ನಡುಮನೆ ಮನೆಯವರದು.

ಹಾಸನಕ್ಕೆ ಫೋನ್ ಮಾಡಿದೆ. ಪೈಪ್ ಒಡೆದಿರಲಿಲ್ಲ ಅಂದೆ. "ಗೊತ್ತಾಗಿತ್ತು ಸಾರ್" ಅಂದರು. ಕ್ಷಮಿಸಿ, ಜನವರಿಯಲ್ಲಿ ಬನ್ನಿ ಅಂದೆ. "ನೋಡೋಣ" ಅಂದರು. ಆ "ನೋಡೋಣ" ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಬೋರ್ಡ್‌ಗೆ ಮೂರು ಸಾಲು ಬರೆಸಿದ್ದೇನೆ, ತಪ್ಪಿದ್ದರೆ ಹೇಳಿ. ಒಂದು, ಇಲ್ಲಿ ಸಸ್ಯಾಹಾರ ಮಾತ್ರ ಬಡಿಸಲಾಗುತ್ತದೆ. ಎರಡು, ನಡುಮನೆ ಮತ್ತು ಅಡುಗೆಮನೆಗೆ ಅತಿಥಿಗಳಿಗೆ ಪ್ರವೇಶ ಇಲ್ಲ. ಮೂರು, ಸಂಸ್ಕಾರವಂತ ಕುಟುಂಬಗಳಿಗೆ ಮಾತ್ರ.

ಹಾಸನದ ಬಾಡಿಗೆದಾರ:

ಮೊದಲೆರಡು ಸರಿ. ಮೂರನೆಯದು ನನ್ನ "ಊರಲ್ಲಿ ಮನೆ ಯಾವ ಕಡೆ" ಪ್ರಶ್ನೆಯೇ, ಸ್ನಾನ ಮಾಡಿಕೊಂಡು ಬಂದಿದೆ. ಸಂಸ್ಕಾರ ಅಳೆಯುವ ಮೀಟರ್ ಕೊಪ್ಪದಲ್ಲಿ ಸಿಗುತ್ತಾ ಸಾರ್?

ಕೊಪ್ಪದ ತೋಟದವ:

ಅದು ಭಾವ ಬರೆಸಿದ್ದು. ಬಣ್ಣ ಇನ್ನೂ ಹಸಿ ಇತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಬಂದೆ.