ಮೆತ್ತಿನ ಮೇಲಿನ ಡೆಸ್ಕ್‌ಟಾಪ್: ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿದ್ರೂ ನೆಟ್ ತೆವಳ್ತಿದೆ

ಚೊಗರು:
ನಮಸ್ಕಾರ. ಕೋಣಂದೂರು ಕಡೆ ಹಳೇ ಹಂಚಿನ ಮನೆ, ಜಂಬಿಟ್ಟಿಗೆ ಗೋಡೆ. ಫೈಬರ್ ರೂಟರ್ ಜಗಲಿಯಲ್ಲಿದೆ, ನನ್ನ ಡೆಸ್ಕ್‌ಟಾಪ್ ಹಿಂದುಗಡೆ ಮೆತ್ತಿನ ಮೇಲೆ. ಅದರಲ್ಲಿ ವೈಫೈ ಇಲ್ಲ ಅಂತ ಉಗುರಿನಷ್ಟು ಚಿಕ್ಕ ಯುಎಸ್‌ಬಿ ಅಡಾಪ್ಟರ್ ತಂದು ಸಿಪಿಯು ಹಿಂದೆ ಚುಚ್ಚಿದೀನಿ. ಜಗಲಿಯಲ್ಲಿ ಮೊಬೈಲಿಗೆ 90 ಎಂಬಿಪಿಎಸ್ ಬರ್ತದೆ, ಇಲ್ಲಿ 3-4. ಮಳೆ ಹಿಡೀತು ಅಂದ್ರೆ ಅದೂ ಇಲ್ಲ. ಅಂಗಡಿಯವರು 1200 ಅಂತ ಬರೆದಿರೋ, ಎರಡು ಆಂಟೆನಾದ ಅಡಾಪ್ಟರ್ ತಗೊಳ್ಳಿ ಅಂತಾರೆ. ತಗೊಳ್ಳೋದಾ?

ಬೆಸುಗೆ:
ತಡೀರಿ ಮಾರಾಯ್ರೆ, ಅಂಗಡಿ ಎಲ್ಲೂ ಓಡಿ ಹೋಗಲ್ಲ. ತೊಂದರೆ ಲೈನಿನದಾ ವೈಫೈದಾ ಅಂತ ಮೊದಲು ಗೊತ್ತಾಗ್ಲಿ. ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ 192.168.1.1 ಹೊಡೀರಿ, ನಿಮ್ಮ ರೂಟರಿನ ವಿಳಾಸ ಬೇರೆ ಇದ್ರೆ ಅದನ್ನ ಹಾಕಿ. ಇದು ಇಂಟರ್‌ನೆಟ್‌ವರೆಗೆ ಹೋಗೋದೇ ಇಲ್ಲ, ಜಗಲಿ ಮುಟ್ಟಿ ವಾಪಸ್ ಬರ್ತದೆ ಅಷ್ಟೆ. ಸರಿ ಇದ್ರೆ ಕೆಲವೇ ಮಿಲಿಸೆಕೆಂಡು. ಅಡಾಪ್ಟರ್ ಅಕ್ಕಪಕ್ಕ ಎಂತೆಂತ ಇದೆ ಅಂತಲೂ ಹೇಳಿ.

ಚೊಗರು:
4, 6, ಆಮೇಲೆ 380, 900, ನಡುನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್. ವಿಂಡೋಸ್ ಸಿಗ್ನಲ್ 42% ತೋರಿಸ್ತದೆ. ಸಿಪಿಯು ಮೇಜಿನ ಕೆಳಗೆ, ಅದರ ಹಿಂದೆ ಕಬ್ಬಿಣದ ಬೀರು. ಪಕ್ಕದ ನೀಲಿ ಪೋರ್ಟಿಗೆ ಫೋಟೋ ಇಡೋ ಹಾರ್ಡ್ ಡಿಸ್ಕ್ ಯಾವಾಗಲೂ ಸಿಕ್ಕಿಸಿರ್ತದೆ.

ಬೆಸುಗೆ:
ಹಾಗಾದ್ರೆ ಲೈನ್ ಬಿಟ್ಟುಬಿಡಿ, ಎಲ್ಲ ಆ ಮೇಜಿನ ಕೆಳಗೇ ಇದೆ.

ನೀಲಿ ಪೋರ್ಟು ಅಂದ್ರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್‌ನಂತೆ ಓಡುವಾಗ ಕನೆಕ್ಟರ್, ಕೇಬಲ್, ಡಿಸ್ಕ್ ಎಲ್ಲದರಿಂದ ರೇಡಿಯೋ ಗದ್ದಲ ಹೊರಗೆ ಸೋರ್ತದೆ. 2.4 ಗಿಗಾಹರ್ಟ್ಸ್ ವೈಫೈ ಸರಿಯಾಗಿ ಆ ಗದ್ದಲದ ನಡುವೆ ಕೂತಿದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನ ಅಳೆದು ಬರೆದಿತ್ತು. ನಿಮ್ಮ ಅಡಾಪ್ಟರಿನ ಆಂಟೆನಾ ಆ ಡಿಸ್ಕಿನಿಂದ ಎರಡು ಬೆರಳು ದೂರ. ಜಗಲಿಯಿಂದ ಬರೋ ಸಿಗ್ನಲ್ಲೋ, ಬೀರು ಮತ್ತೆ ಸಿಪಿಯುವಿನ ತಗಡು ದಾಟಿ ಬರಬೇಕು. ಸಿಗ್ನಲ್ಲಿನ ಬಲ ಅಳೆಯೋದು ಡಿಬಿಎಂನಲ್ಲಿ; ವಿಂಡೋಸ್ ಲೆಕ್ಕದಲ್ಲಿ -100 ಡಿಬಿಎಂ ಅಂದ್ರೆ 0%, -50 ಅಂದ್ರೆ 100%. ನಿಮ್ಮ 42% ಅಂದ್ರೆ -79. ಬಡಕಲು.

ಅಂಗಡಿಯವರ 1200 ಅನ್ನೋದು 2.4ರಲ್ಲಿ 300 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನಲ್ಲಿ 867, ಎರಡನ್ನೂ ಕೂಡಿಸಿ ದುಂಡಗೆ ಮಾಡಿದ ಅಂಕಿ. ಅಡಾಪ್ಟರ್ ಒಂದು ಸಲಕ್ಕೆ ಒಂದೇ ಬ್ಯಾಂಡಿನಲ್ಲಿ ಇರ್ತದೆ. ಕಪ್ಪು 2.0 ಪೋರ್ಟಿಗೆ ಹಾಕಿದ್ರಂತೂ ಪೋರ್ಟಿನ ಮಿತಿಯೇ 480. ಮೇಲಾಗಿ 5 ಗಿಗಾಹರ್ಟ್ಸ್ ಜಂಬಿಟ್ಟಿಗೆ ಗೋಡೆ ದಾಟೋದ್ರಲ್ಲಿ 2.4ಕ್ಕಿಂತ ಸೋಲ್ತದೆ. ಅದೇ ಜಾಗದಲ್ಲಿ ಚುಚ್ಚಿದ್ರೆ ದುಬಾರಿದೂ ಹೆಚ್ಚುಕಮ್ಮಿ ಹೀಗೇ ಅಳ್ತದೆ.

ಒಂದೂವರೆ-ಎರಡು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತನ್ನಿ. ಐದು ಮೀಟರ್ ಮೀರಬಾರದು. ನೀಲಿ ಪೋರ್ಟಿನಿಂದ ದೂರ ಇರೋ ಕಪ್ಪು ಪೋರ್ಟಿಗೆ ಹಾಕಿ, ಅಡಾಪ್ಟರನ್ನ ಮೆಟ್ಟಿಲ ಬಾಯಿ ಕಡೆ ಎತ್ತರದಲ್ಲಿ ಕಟ್ಟಿ. ಪಿಂಗ್ ಓಡ್ತಾ ಇರ್ಲಿ, ಅಡಾಪ್ಟರನ್ನ ಅತ್ತಿತ್ತ ತಿರುಗಿಸಿ ನೋಡಿ.

ಸಾಗರದಂಚು:
ಇಷ್ಟೆಲ್ಲ ಯಾಕೆ? ರೂಟರಿನಿಂದ ಡೆಸ್ಕ್‌ಟಾಪ್‌ಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದುಬಿಡಿ. 100 ಮೀಟರ್ ತನಕ ತಲೆನೋವಿಲ್ಲ.

ಬೆಸುಗೆ:
ಒಂದೇ ಸೂರಿನ ಅಡಿ ಆದ್ರೆ ನಿಮ್ಮ ಮಾತೇ ಮೇಲು. ಅಂಗಳ ದಾಟಿಸೋದಾದ್ರೆ ನಾನು ಬೇಡ ಅಂತೀನಿ. ಹತ್ತಿರ ಎಲ್ಲೋ ಸಿಡಿಲು ಹೊಡೆದ್ರೂ ಉದ್ದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ತುದಿಯ ಪೋರ್ಟ್ ಸುಡಬಹುದು. ಒಳಗೇ ಎಳೆದ್ರೂ ಪಿವಿಸಿ ಪೈಪಿನಲ್ಲಿ ಎಳೀರಿ, ಅಟ್ಟದ ಇಲಿಗಳು ನಮ್ಮನ್ನ ಕೇಳಿ ಕಡಿಯಲ್ಲ.

ಚೊಗರು:
ಕೇಬಲ್ ಹಾಕಿ ಮೆಟ್ಟಿಲ ಹತ್ರ ಮೊಳೆಗೆ ನೇತು ಹಾಕಿದೆ. 70%! ಪಿಂಗ್ 3ರಿಂದ 8, ಸ್ಪೀಡ್ 38. ಹಾರ್ಡ್ ಡಿಸ್ಕಿಗೆ ಫೋಟೋ ಹಾಕುವಾಗಲೂ ಇಳೀತಿಲ್ಲ. ಆದ್ರೆ ಊಟಕ್ಕೆ ಎದ್ದು ಹೋಗಿ ಬಂದ್ರೆ ಸಂಪರ್ಕ ಕಡಿದಿರ್ತದೆ. ಮತ್ತೆ, ಮಳೆ ವಿಷಯ ನೀವು ಹೇಳಲೇ ಇಲ್ಲ.

ಬೆಸುಗೆ:
ಕಡಿಯೋದಕ್ಕೆ: ಡಿವೈಸ್ ಮ್ಯಾನೇಜರ್, ನೆಟ್‌ವರ್ಕ್ ಅಡಾಪ್ಟರ್ಸ್, ನಿಮ್ಮ ಅಡಾಪ್ಟರಿನ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್. ವಿದ್ಯುತ್ ಉಳಿಸೋಕೆ ಈ ಸಾಧನ ಆರಿಸಬಹುದು ಅನ್ನೋ ಟಿಕ್ ತೆಗೀರಿ.

ಮಳೆ ಹನಿ ಇಷ್ಟು ದೂರದಲ್ಲಿ 2.4ಕ್ಕೆ ಏನೂ ಮಾಡಲ್ಲ. ಹನಿಗೆ ಹೆದರೋದು 10 ಗಿಗಾಹರ್ಟ್ಸ್‌ಗಿಂತ ಮೇಲಿರೋ ಡಿಶ್ ಟಿವಿ ಸಿಗ್ನಲ್. ನಿಮ್ಮಲ್ಲಿ ಅನುಮಾನ ಗೋಡೆ ಮೇಲೆ. ಜಂಬಿಟ್ಟಿಗೆ ಮೈತುಂಬ ತೂತು, ಆಷಾಢದಲ್ಲಿ ನೀರು ಕುಡಿದು ಕೂತಿರ್ತದೆ, ನೀರು ಈ ಅಲೆಗಳನ್ನ ನುಂಗ್ತದೆ. ಮಳೆ ನಿಂತ ಮೇಲೂ ಸಿಗ್ನಲ್ ಬೇಗ ಏರದಿದ್ರೆ ಗೋಡೆಯೇ. ಮಳೆಗಾಲಕ್ಕೆ ಅಂತ ಅಂಗಳಕ್ಕೆ ತಗಡು ಹೊದಿಸಿದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಅದು ದಾರಿಗೆ ಅಡ್ಡ ಬಂದಿದ್ರೆ ರೂಟರನ್ನ ಎರಡಡಿ ಸರಿಸಿ ನೋಡಿ.

ಚೊಗರು:
ತಗಡು ಇದೆ! ನಾಳೆ ರೂಟರ್ ಸರಿಸ್ತೀನಿ. ಟಿಕ್ ತೆಗೆದ ಮೇಲೆ ಕಡಿದಿಲ್ಲ.

ಮಲೆಹಕ್ಕಿ:
ನಡುವೆ ಬಾಯಿ ಹಾಕ್ತಿದೀನಿ. ನಂದು ವಿಂಡೋಸ್ ಅಲ್ಲ, ಉಬುಂಟು ಲಿನಕ್ಸ್. ಹೊಸ ಅಡಾಪ್ಟರ್ ತಗೊಳ್ಳೋದೇ ಆದ್ರೆ ಯಾವುದು?

ಬೆಸುಗೆ:
ಡಬ್ಬದ ಮೇಲಿನ ಹೆಸರು ಬಿಡಿ, ಒಳಗಿನ ಚಿಪ್ ಕೇಳಿ. ಮೀಡಿಯಾಟೆಕ್ ಎಂಟಿ7612ಯು ಆದ್ರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 4.19ನೇ ವರ್ಷನ್‌ನಿಂದ ಡ್ರೈವರ್ ಒಳಗೇ ಇದೆ, ಚುಚ್ಚಿದ್ರೆ ಸಾಕು. ಒಂದೇ ಮಾಡೆಲಿನಲ್ಲಿ ವರ್ಷನ್ ಬದಲಾದ ಹಾಗೆ ಚಿಪ್ಪೂ ಬದಲಾಗೋದುಂಟು, ಹಾಗಾಗಿ ತಳದ ಸ್ಟಿಕರಿನಲ್ಲಿ ವರ್ಷನ್ ಓದಿಯೇ ದುಡ್ಡು ಕೊಡಿ.