ಡ್ರ್ಯಾಗನ್ನಿನ ಮಕ್ಕಳಿಗೆ ಸಿಕ್ಕ ನೌಕರಿ

“ಡ್ರ್ಯಾಗನ್ನಿಗೆ ಒಂಬತ್ತು ಗಂಡುಮಕ್ಕಳು. ಒಬ್ಬನಾದರೂ ಅಪ್ಪನಂತೆ ಡ್ರ್ಯಾಗನ್ ಆಗಲಿಲ್ಲ” ಎಂದು ಪ್ರಾಣೇಶ ಹೇಳಿದ್ದೇ ತಡ, ವಾಸು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಎಂಜಿನಿಯರಿಂಗ್ ಮುಗಿಸಿದ ಮಗನನ್ನು ಮನೆಯಲ್ಲೇ ಇಟ್ಟುಕೊಂಡಿರುವ ಅಪ್ಪ ಅವನು. ಚೀನಾದಲ್ಲೂ ತನ್ನಂಥವನೊಬ್ಬ ಇದ್ದಾನೆಂದು ತಿಳಿದು ಎಷ್ಟೋ ಸಮಾಧಾನವಾದಂತೆ ಕಂಡಿತು.

ಪ್ರಾಣೇಶ ಚೀನಾದ ಗುಡಿಗಳನ್ನು ಸುತ್ತಿ ಬಂದಿದ್ದಾನೆ. ಆದರೆ ಅವನ ಮೊಬೈಲಿನಲ್ಲಿ ದೇವರ ಚಿತ್ರ ಒಂದೂ ಇಲ್ಲ. ಇರುವುದೆಲ್ಲ ಸೂರಿನ ತುದಿ, ಗಂಟೆಯ ಕಿವಿ, ಬಾಗಿಲ ಬಳೆ, ಧೂಪದ ಪಾತ್ರೆಯ ಕಾಲು. “ಯಜಮಾನರ ಚಿತ್ರ ಎಲ್ಲರೂ ತೆಗೆಯುತ್ತಾರೆ. ನಾನು ಸಿಬ್ಬಂದಿಯದು ತೆಗೆದಿದ್ದೇನೆ” ಎಂದು ಅವನ ಸಮರ್ಥನೆ.

“ಮಕ್ಕಳು ದಾರಿ ತಪ್ಪಿದ ಮೇಲೆ ಆ ಅಪ್ಪ ಏನು ಮಾಡಿದನಂತೆ?” ವಾಸುವಿಗೆ ಅವಸರ.

“ಅಪ್ಪ ಏನೂ ಮಾಡಲಿಲ್ಲ. ಮಾಡಿದವರು ಶಿಲ್ಪಿಗಳು. ಯಾರಿಗೆ ಯಾವ ಚಾಳಿಯೋ ಅದಕ್ಕೆ ಹೊಂದುವ ಕೆಲಸ ಕೊಟ್ಟರು. ಇಲ್ಲಿ ನೋಡು, ಇವನು ಬಿಶಿ. ನೋಡಲು ಆಮೆಯಂತೆ, ಭಾರ ಹೊರುವುದೆಂದರೆ ಪ್ರಾಣ. ಬೆಟ್ಟಗಳನ್ನು ಬೆನ್ನ ಮೇಲೆ ಹೊತ್ತು ಸಮುದ್ರದಲ್ಲಿ ಅಲೆ ಎಬ್ಬಿಸುತ್ತಿದ್ದನಂತೆ. ಪ್ರವಾಹವನ್ನು ಪಳಗಿಸಿದ ಯೂ ಮಹಾರಾಜ ಇವನನ್ನು ಹಿಡಿದು ನದಿ ತಿರುಗಿಸುವ ಕಾಮಗಾರಿಗೆ ಹಚ್ಚಿದ. ಕೆಲಸ ಮುಗಿಯಿತು. ಬಿಟ್ಟರೆ ಮತ್ತೆ ಪುಂಡಾಟ ಶುರುಮಾಡುತ್ತಾನೆಂದು, ತನ್ನ ಸಾಧನೆಗಳನ್ನೆಲ್ಲ ಕೆತ್ತಿಸಿದ ದೊಡ್ಡ ಕಲ್ಲನ್ನು ಇವನ ಬೆನ್ನ ಮೇಲೇ ನಿಲ್ಲಿಸಿಬಿಟ್ಟ. ಇಂದಿಗೂ ಗುಡಿಯ ಅಂಗಳದಲ್ಲಿ, ರಾಜರ ಸಮಾಧಿಗಳಲ್ಲಿ ಶಾಸನಗಳನ್ನು ಹೊತ್ತು ಮಲಗಿರುವವನು ಇವನೇ.”

“ಅಂದರೆ ಕಾಮಗಾರಿ ಇವನದು, ಶಿಲಾಫಲಕದ ಮೇಲಿನ ಹೆಸರು ಮಾತ್ರ ರಾಜನದು” ಎಂದೆ ನಾನು. ಲೋಕೋಪಯೋಗಿ ಇಲಾಖೆಯಲ್ಲಿ ಇಡೀ ಆಯುಷ್ಯ ಸವೆಸಿದವನಿಗೆ ಇದು ಹೊಸ ಕಥೆಯೇನಲ್ಲ.

ಮುಂದಿನ ಚಿತ್ರ ಗಂಟೆಯದು. ಅದರ ನೆತ್ತಿಯ ಮೇಲೆ ಕುಳಿತವನು ಪೂಲಾವ್. “ತಿನ್ನುವುದಲ್ಲ” ಎಂದು ಪ್ರಾಣೇಶ ವಾಸುವಿನ ಕಡೆ ನೋಡಿ ಎಚ್ಚರಿಸಿದ. ಈ ಪೂಲಾವ್ ಸಮುದ್ರದ ದಂಡೆಯವನು, ಮಹಾ ಪುಕ್ಕಲ. ತಿಮಿಂಗಿಲ ಹತ್ತಿರ ಬಂದರೆ ಊರಿಗೇ ಕೇಳುವಂತೆ ಅರಚುತ್ತಾನೆ. ಶಿಲ್ಪಿಗಳು ಇವನನ್ನು ಗಂಟೆಯ ಮೇಲೆ ಕೂರಿಸಿದರು. ಗಂಟೆ ಬಾರಿಸುವ ಮರದ ದಿಮ್ಮಿಯನ್ನು ತಿಮಿಂಗಿಲದ ಆಕಾರದಲ್ಲಿ ಕೆತ್ತಿದರು. ಪ್ರತಿ ಪೆಟ್ಟಿಗೂ ಅವನು ಬೆಚ್ಚಿ ಬೀಳಬೇಕು, ನಾದ ಹೊಮ್ಮಬೇಕು.

“ಪಾಪ, ಬೆಳಗು ಬೈಗು ಹೆದರುವುದೇ ಉದ್ಯೋಗ” ಎಂದರು ವಾಸುವಿನ ಅಕ್ಕ ಸರೋಜಕ್ಕ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳನ್ನು ಹೆದರಿಸಿದವರು ಅವರು. ಅವರಿಗೆ ಮರುಕ ಹುಟ್ಟಿದ್ದು ನನಗೆ ಸೋಜಿಗವೇ.

“ನಮ್ಮವನಿಗೆ ಹೆದರಿಕೆಯೂ ಇಲ್ಲವಲ್ಲ! ಬೆಳಗಿನಿಂದ ಸಂಜೆಯವರೆಗೆ ಸೋಫಾದ ಮೇಲೆ ಕೂರುತ್ತಾನೆ, ಅಷ್ಟೇ” ಎಂದ ವಾಸು.

“ಹಾಗಾದರೆ ಅವನು ಸ್ವಾನ್ನಿ!” ಪ್ರಾಣೇಶ ಹಿಗ್ಗಿನಿಂದ ಇನ್ನೊಂದು ಚಿತ್ರ ತೆರೆದ. ಸಿಂಹದಂಥ ಮುಖ. ಸುಮ್ಮನೆ ಕೂರುವುದು, ಹೊಗೆ ಸೇವಿಸುವುದು, ಇವೆರಡೇ ಇವನ ಹವ್ಯಾಸ. ಅದಕ್ಕೆ ಬುದ್ಧನ ಪೀಠದ ಕೆಳಗೆ ಇವನು, ಧೂಪದ ಪಾತ್ರೆಯ ಕಾಲುಗಳಲ್ಲಿಯೂ ಇವನೇ. ಕಾಡಿನ ಸಿಂಹವೇ ಇಲ್ಲದ ನಾಡು ಚೀನಾ. ಬುದ್ಧನ ಕಾವಲಿಗೆ ನಿಂತ ಸಿಂಹ ಬೌದ್ಧಧರ್ಮದ ಬೆನ್ನು ಹತ್ತಿ ಇಲ್ಲಿಂದ ಹೋದದ್ದು ಎಂದೂ ಸೇರಿಸಿದ.

ವಾಸು ಯೋಚಿಸಿದ. “ಅಂದರೆ ಭಾರತದಿಂದ ಹೋದವನು ಅಲ್ಲಿ ಕುಳಿತಲ್ಲೇ ಪೂಜೆ ಮಾಡಿಸಿಕೊಳ್ಳುತ್ತಿದ್ದಾನೆ. ಪಾಸ್‌ಪೋರ್ಟ್ ಮಾಡಿಸಿಬಿಡಲೇ?”

“ಮೊದಲು ಇವನನ್ನು ನೋಡು, ಆಮೇಲೆ ನಿರ್ಧರಿಸು.” ದಾತೊಂಗ್ ಊರಿನ ಹುವಾಯೆನ್ ಗುಡಿ. 1140ರಲ್ಲಿ ಮತ್ತೆ ಕಟ್ಟಿದ ಮುಖ್ಯ ಮಂದಿರದ ಚಾವಣಿಯ ಎರಡು ತುದಿಗಳಲ್ಲಿ, ನಾಲ್ಕೂವರೆ ಮೀಟರ್ ಎತ್ತರದ ಮೆರುಗುಮಣ್ಣಿನ ಎರಡು ಪ್ರಾಣಿಗಳು ಸೂರಿನ ಏಣನ್ನು ಬಾಯಲ್ಲಿ ಕಚ್ಚಿ ಹಿಡಿದಿವೆ. ಇವನು ಚಿವೆನ್. ನುಂಗುವುದು ಚಾಳಿ, ಮಳೆ ತರಿಸುವುದು ಸಾಮರ್ಥ್ಯ. ಕ್ರಿ.ಪೂ. 104ರಲ್ಲಿ ಹಾನ್ ಚಕ್ರವರ್ತಿ ವೂನ ಅರಮನೆಯ ಉಪ್ಪರಿಗೆಯೊಂದು ಸುಟ್ಟುಹೋಯಿತು. ಅಲೆ ಎಬ್ಬಿಸಿ ಮಳೆ ಸುರಿಸುವ ಕಡಲಪ್ರಾಣಿಯ ರೂಪವನ್ನು ಚಾವಣಿಯ ಮೇಲಿಟ್ಟರೆ ಬೆಂಕಿ ತಗಲುವುದಿಲ್ಲವೆಂದು ಆಗ ಯಾರೋ ಸಲಹೆ ಕೊಟ್ಟರೆಂಬ ಕಥೆಯಿದೆ. ಎಲ್ಲ ಮರದ ಕಟ್ಟಡಗಳು, ಬೆಂಕಿಯೇ ಬದ್ಧ ವೈರಿ. ನಮ್ಮ ಹೊಯ್ಸಳ ಗುಡಿಗಳ ಮಕರನಿಗೂ ಇವನಿಗೂ ನೆಂಟಸ್ತಿಕೆ ಹೇಳುವ ವಿದ್ವಾಂಸರೂ ಇದ್ದಾರೆ. ಆ ಸೊಂಡಿಲು, ಆ ತೆರೆದ ಬಾಯಿ ನೋಡಿದರೆ ನಂಬಬಹುದು ಎನಿಸಿತು.

“ಬೆನ್ನಲ್ಲಿ ಅದೇನು ಚುಚ್ಚಿಕೊಂಡಿರುವುದು?” ಸರೋಜಕ್ಕನ ಕಣ್ಣು ಚುರುಕು.

“ಇದು ಬೇರೊಂದು ಗುಡಿಯ ಚಿತ್ರ. ಅದು ಕತ್ತಿಯ ಹಿಡಿ. ಕೆಲಸ ಬಿಟ್ಟು ಸಮುದ್ರಕ್ಕೆ ಓಡಿಹೋಗಬಾರದೆಂದು ಚುಚ್ಚಿ ನಿಲ್ಲಿಸಿದ್ದಾರಂತೆ.”

“ಬಾಂಡ್ ಬರೆಸಿಕೊಂಡಿದ್ದಾರೆ ಅನ್ನು” ಎಂದ ವಾಸು. ಪಾಸ್‌ಪೋರ್ಟಿನ ಮಾತು ಅಲ್ಲಿಗೆ ನಿಂತಿತು.

ಉಳಿದವರ ಸರದಿ ಬೇಗ ಮುಗಿಯಿತು. ಜಗಳಗಂಟ ಯಾಜಿ ಕತ್ತಿಯ ಹಿಡಿಯಲ್ಲಿದ್ದಾನೆ. ವ್ಯಾಜ್ಯಪ್ರಿಯ ಬಿಯಾನ್ ಸೆರೆಮನೆಯ ಬಾಗಿಲ ಮೇಲಿದ್ದಾನೆ. ಜಿಯಾವ್‌ತೂ ಎಂಬವನಿಗೆ ಯಾರಾದರೂ ಮನೆಗೆ ಬಂದರೆ ಆಗದು, ಚಿಪ್ಪಿನೊಳಗೆ ಮುದುಡುವ ಸ್ವಭಾವ. ಅವನ ಬಾಯಿಗೆ ಬಳೆ ತೊಡಿಸಿ ಬಾಗಿಲಿಗೆ ಬಡಿದಿದ್ದಾರೆ. ಬಂದವರೆಲ್ಲ ಅವನ ಮೂತಿಯನ್ನೇ ಅಲ್ಲಾಡಿಸಿ ಒಳಗೆ ಬರಬೇಕು. ಇದು ನೌಕರಿಯಲ್ಲ, ಹಗೆ ಸಾಧಿಸಿದ್ದು ಎಂದು ನನ್ನ ಅಭಿಪ್ರಾಯ.

ಹರಟೆ ಬಿಸಿಯೇರಿದ್ದು ತಾವ್‌ತಿಯೆಯ ಬಳಿ. ಹೊಟ್ಟೆಬಾಕ. ಹಳೆಯ ಕಂಚಿನ ಪಾತ್ರೆಗಳ ಮೇಲೆ ಬರೀ ಮುಖ, ದೇಹವೇ ಇಲ್ಲ. ಮನುಷ್ಯನನ್ನು ತಿನ್ನಲು ಹೋಗಿ, ನುಂಗುವ ಮೊದಲೇ ತನ್ನ ಮೈಗೇ ಕೇಡು ತಂದುಕೊಂಡ ಎಂದು ಎರಡು ಸಾವಿರ ವರ್ಷಕ್ಕೂ ಹಿಂದಿನ ಚೀನೀ ಗ್ರಂಥವೊಂದು ಹೇಳುತ್ತದೆ.

“ಇದು ನಮ್ಮ ಕೀರ್ತಿಮುಖ!” ಸರೋಜಕ್ಕ ಮೇಷ್ಟ್ರ ಗತ್ತಿಗೆ ಬಂದರು. “ಹಸಿವು ಎಂದವನಿಗೆ ಶಿವ ನಿನ್ನನ್ನೇ ನೀನು ತಿನ್ನು ಎಂದ. ಅವನು ಕೈಕಾಲು, ಮೈ ಎಲ್ಲ ತಿಂದು ಮುಖ ಮಾತ್ರ ಉಳಿಸಿಕೊಂಡ. ಶಿವ ಮೆಚ್ಚಿ ಬಾಗಿಲ ಮೇಲೆ ಜಾಗ ಕೊಟ್ಟ. ದೇವರ ಪ್ರಭಾವಳಿಯ ತುದಿಯಲ್ಲಿ ನೋಡುವುದಿಲ್ಲವೇ?”

“ಆ ಕಂಚಿನ ಪಾತ್ರೆಗಳು ಮೂರು ಸಾವಿರ ವರ್ಷ ಹಳೆಯವು, ಅಕ್ಕ. ಹೋಲಿಕೆ ಇದೆ, ಸಂಬಂಧಕ್ಕೆ ಸಾಕ್ಷಿಯಿಲ್ಲ” ಎಂದ ಪ್ರಾಣೇಶ.

“ಹೊಟ್ಟೆಬಾಕತನಕ್ಕೆ ಸಾಕ್ಷಿ ಬೇರೆ ಬೇಕೇನೋ?” ಎನ್ನುತ್ತಾ ಅವರು ನಿಪ್ಪಟ್ಟಿನ ತಟ್ಟೆಯನ್ನು ತಮ್ಮನ ಕೈಗೆಟುಕದಂತೆ ಸರಿಸಿದರು.

ಅಷ್ಟರಲ್ಲಿ ನಾನು ಬೆರಳು ಮಡಚಿ ಎಣಿಸಿದ್ದೆ. ಸೂರಿನ ಮೂಲೆಯಲ್ಲಿ ನಿಲ್ಲುವ ಎತ್ತರಪ್ರಿಯ, ಪಿಟೀಲಿನಂಥ ವಾದ್ಯದ ತಲೆಯ ಮೇಲೆ ಕೂರುವ ಸಂಗೀತಪ್ರಿಯ, ಶಾಸನದ ನೆತ್ತಿಗೆ ಸುತ್ತಿಕೊಳ್ಳುವ ಸಾಹಿತ್ಯಪ್ರಿಯ ಎಲ್ಲರೂ ಸೇರಿದರೆ ಲೆಕ್ಕ ಒಂಬತ್ತನ್ನು ದಾಟಿತ್ತು.

ಪ್ರಾಣೇಶ ನಕ್ಕ. ಮಿಂಗ್ ವಂಶದ ಹೊಂಗ್‌ಜಿ ಚಕ್ರವರ್ತಿಗೂ (ಆಳಿದ್ದು 1487ರಿಂದ 1505) ಇದೇ ಸಂಶಯ ಬಂದಿತ್ತಂತೆ. ಮಂತ್ರಿ ಲಿ ದೊಂಗ್‌ಯಾಂಗ್‌ಗೆ ಚೀಟಿ ಕಳಿಸಿ ಆ ಒಂಬತ್ತು ಜನರ ಹೆಸರು ಕೇಳಿದ. ಮಹಾ ಪಂಡಿತ, ಆದರೆ ಥಟ್ಟನೆ ನೆನಪಿಗೆ ಬರಲಿಲ್ಲ. ಅವನು ಜೊತೆಯವರನ್ನು ವಿಚಾರಿಸಿ, ಹಳೆಯ ಟಿಪ್ಪಣಿ ಹುಡುಕಿಸಿ, ಹೇಗೋ ಒಂದು ಪಟ್ಟಿ ಒಪ್ಪಿಸಿದ. ಆಮೇಲೆ ಇನ್ನೊಬ್ಬ ಪಂಡಿತ ಬೇರೆ ಪಟ್ಟಿ ಬರೆದ. ಎರಡೂ ತಾಳೆಯಾಗುವುದಿಲ್ಲ.

“ರಾಜ ಮಂತ್ರಿಯನ್ನು ಕೇಳಿದ, ಮಂತ್ರಿ ಜೊತೆಯವರನ್ನು ಕೇಳಿದ” ಎಂದರು ಸರೋಜಕ್ಕ. “ಹೆತ್ತವಳನ್ನು ಒಬ್ಬರಾದರೂ ಕೇಳಿದರೇನು?”

“ಒಬ್ಬಳಲ್ಲ ಅಕ್ಕ, ಒಬ್ಬೊಬ್ಬನಿಗೂ ಒಬ್ಬೊಬ್ಬ ತಾಯಿ ಎಂದು ಜನ ಹೇಳುತ್ತಾರೆ.”

ಸರೋಜಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಿದ್ದರೆ ಆ ಮಂತ್ರಿ ಮರೆತಿರಲಿಲ್ಲ ಕಣೋ. ದೊಡ್ಡವರ ಮನೆಯ ವಿಷಯ, ಬಾಯಿ ಬಿಡಲು ಹಿಂಜರಿದಿದ್ದಾನೆ.”